ತಪ್ಪಿಸಿಕೊಂಡ ಚುಕ್ಕಿ

"ಸೆಕೆಂಡ್ ಹ್ಯಾಂಡ್! ಸೆಕೆಂಡ್ ಹ್ಯಾಂಡ್ ಗ್ರಹ!"

ದಪ್ಪ ಕನ್ನಡಕದ ಸಹಪಾಠಿ ಸೋಡಾಬುಡ್ಡಿ ಸ್ಕೂಲ್ ಗೇಟಿನವರೆಗೂ ಚೂಟಿಯ ಬೆನ್ನುಬಿಡಲಿಲ್ಲ.

ಚೂಟಿ ಬಿರಬಿರನೆ ನಡೆದಳು. ವಾರವೆಲ್ಲ ಡಂಗುರ ಸಾರಿದವಳು ಅವಳೇ. ಕಂಪ್ಯೂಟರ್ ಲ್ಯಾಬಿನಲ್ಲಿ ಮಿಸ್, ಆಕಾಶದ ಒಂದೇ ಭಾಗದ ಫೋಟೊಗಳನ್ನು ಒಂದರ ಹಿಂದೊಂದು ತೋರಿಸಿದ್ದರು. ಚುಕ್ಕಿಗಳೆಲ್ಲ ಇದ್ದಲ್ಲೇ ಇದ್ದವು. ಒಂದು ಮಾತ್ರ ಎಳ್ಳಷ್ಟು ಸರಿದಿತ್ತು. ಅದು ಬಿದ್ದದ್ದು ಚೂಟಿಯ ಕಣ್ಣಿಗೆ. ಮಂಗಳ, ಗುರು ಗ್ರಹಗಳ ನಡುವೆ ಸೂರ್ಯನನ್ನು ಸುತ್ತುವ ಪುಟ್ಟ ಬಂಡೆ, ಕ್ಷುದ್ರಗ್ರಹ!

"ಕಂಡುಹಿಡಿದಿದ್ದು ನಾನು. ಹೆಸರಿಡೋದೂ ನಾನೇ," ಎಂದು ಮೆರೆದಿದ್ದಳು.

ಇವತ್ತು ಮಿಸ್‌ಗೆ ವಿಜ್ಞಾನಿಗಳಿಂದ ಇಮೇಲ್ ಬಂತು. ಚೂಟಿಯ ಅಮ್ಮ ಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲೇ ಆ ಬಂಡೆಯನ್ನು ಯಾರೋ ಕಂಡುಹಿಡಿದಿದ್ದರಂತೆ. ಕೆಲವು ರಾತ್ರಿ ನೋಡಿದ್ದರು, ಆಮೇಲೆ ಮೋಡ ಕವಿದು ಅದು ತಪ್ಪಿಹೋಯಿತಂತೆ.

ಅಮ್ಮ ಬಸ್ ನಿಲ್ದಾಣದಲ್ಲಿ, ಪ್ರಯಾಣಿಕರು ಮರೆತುಹೋದ ಸಾಮಾನು ಕಾಯುವ ಕೌಂಟರಿನಲ್ಲಿದ್ದಳು. ಚೂಟಿ ಅಲ್ಲಿಗೆ ಬಂದವಳೇ ಬ್ಯಾಗನ್ನು ದೊಪ್ಪನೆ ಎಸೆದಳು.

"ಯಾಕೇ, ಮುಖ ಇಂಗು ತಿಂದ ಮಂಗನ ಥರ ಆಗಿದೆ?"

"ಅದು ನಂದಲ್ವಂತೆ ಅಮ್ಮ. ಯಾರೋ ಕಳ್ಕೊಂಡಿದ್ದಂತೆ."

"ಕಳೆದಿದ್ದು ನಿಂಗೆ ಸಿಕ್ತಲ್ಲ?"

"ಸಿಕ್ಕಿ ಏನು ಬಂತು? ಹೆಸರಿಡೋದು ಅವರೇ!"

ಅಷ್ಟರಲ್ಲಿ ಕಿಟಕಿಗೆ ಒಬ್ಬ ಅಜ್ಜ ಬಂದರು. "ತಾಯೀ, ಹೋದ ತಿಂಗಳು ಬಸ್ಸಲ್ಲಿ ಮೌತ್ ಆರ್ಗನ್ ಬಿಟ್ಟೋಗಿದ್ದೆ."

"ಗುರುತು ಹೇಳಿ ಅಜ್ಜಾ."

"ಒಂದು ಮೂಲೆ ನೆಗ್ಗಿದೆ. ಮೊಮ್ಮಗಳು ಬೀಳಿಸಿದ್ದು."

ಅಮ್ಮ ಕಪಾಟಿನಿಂದ ತೆಗೆದುಕೊಟ್ಟಳು. ಅಜ್ಜ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಂಗಿಗೆ ಒರೆಸಿದರು.

"ಇನ್ನು ಸಿಗಲ್ಲ ಅಂತ ಆಸೆ ಬಿಟ್ಟಿದ್ದೆ ಮಗಾ," ಎಂದು ಚೂಟಿಗೆ ಹೇಳಿದವರೇ ಅಲ್ಲೇ ಊದಿದರು. ಪೀಂ! ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಅಜ್ಜನಿಗೆ ಅದರ ಪರಿವೆಯೇ ಇಲ್ಲ. ಊದುತ್ತಲೇ ಹೊರಟುಹೋದರು.

"ಥ್ಯಾಂಕ್ಸ್ ಕೂಡ ಹೇಳ್ಲಿಲ್ಲ!"

"ಬಾಯಲ್ಲಿ ಜಾಗ ಎಲ್ಲಿತ್ತೇ ಹೇಳೋಕೆ?"

ಚೂಟಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಪೀಂಪೀಂ ಸದ್ದು ಬಸ್ಸುಗಳ ನಡುವೆ ಕರಗುವವರೆಗೂ ಕಿಟಕಿಯಲ್ಲೇ ನಿಂತಿದ್ದಳು.

"ಅಮ್ಮ, ಸ್ವಲ್ಪ ಫೋನ್ ಕೊಡು."

ಮಿಸ್‌ಗೆ ಮೆಸೇಜ್ ಬರೆದಳು: "ಮಿಸ್, ಆ ಬಂಡೆ ಮತ್ತೆ ಸಿಕ್ತು ಅಂತ ಅದನ್ನ ಕಳ್ಕೊಂಡವರಿಗೆ ಯಾರಾದ್ರೂ ಹೇಳಿದ್ರಾ? ಇಲ್ಲಾಂದ್ರೆ ನಾನು ಹೇಳಲಾ?"