ಬಿಚ್ಚದ ಬೋಲ್ಟು

ಬೆಳಿಗ್ಗೆ ಅಂಗಡಿ ತೆರೆಯಲು ಬಂದ ಸೈಮಾ ಷಟರಿನ ಮುಂದೆ ಗಕ್ಕನೆ ನಿಂತಳು. ಈ ತುದಿಯಿಂದ ಆ ತುದಿಯವರೆಗೆ ಕೆಂಪು ಬಣ್ಣದಲ್ಲಿ ಯಾರೋ ಬರೆದಿದ್ದರು — "ಇಲ್ಲಿ ಡೂಪ್ಲಿಕೇಟ್ ಮಾಲು ಸಿಗುತ್ತದೆ."

ಹಿಂದೆಯೇ ಬಂದ ಅವಳ ತಂದೆ ಸತ್ತಾರ್ ಸಾಬ್ ಅದನ್ನು ಓದಿದರು. ಮಾನ್ವಿಯಲ್ಲಿ ಕಾರಿನ ಬಿಡಿಭಾಗ ಬೇಕೆಂದರೆ ಜನ ಕಣ್ಣು ಮುಚ್ಚಿಕೊಂಡು ಬರುತ್ತಿದ್ದದ್ದು ಈ ಮನುಷ್ಯನ ಅಂಗಡಿಗೆ. ಅವರು ಷಟರಿಗೆ ಬೆನ್ನು ಹಾಕಿದರು.

"ಚಲ್ ಬೇಟಾ, ಮನಿಗೆ ಹೋಗೂನು. ಇನ್ ಈ ಅಂಗಡಿ ಸಾಕು."

"ಯಾಕ ಸಾಕು, ಅಬ್ಬಾ? ನಾವೇನ್ ಕಳ್ಳತನ ಮಾಡೀವಿ?"

ಸತ್ತಾರ್ ಸಾಬ್ ಮನೆಯ ಕಡೆ ಹೊರಟೇಬಿಟ್ಟರು. ಸೈಮಾಳಿಗೆ ಮೈಯೆಲ್ಲ ಉರಿದುಹೋಯಿತು.

ಬರೆದವರು ಯಾರೆಂದು ಹುಡುಕಬೇಕಾಗಿರಲಿಲ್ಲ. ಮೊನ್ನೆ ಕಲ್ಲೂರಿನ ಹತ್ತಿರ ವಿನೋದನ ಬಾಡಿಗೆ ಕಾರಿನ ಎಡಗಡೆಯ ಮುಂದಿನ ಗಾಲಿ ಮಡಚಿಕೊಂಡು ಬಿದ್ದಿತ್ತು. ಗಾಲಿಯನ್ನು ಕೆಳಗಿನಿಂದ ಹಿಡಿದಿಡುವ ಕಬ್ಬಿಣದ ತೋಳು — ಲೋವರ್ ಆರ್ಮ್ — ಮುರಿದಿತ್ತು. ಒಳಗಿದ್ದ ಅವನ ತಾಯಿ ಶೇಖಮ್ಮನ ಕೈಯೂ ಮುರಿಯಿತು. ಎಡಕ್ಕೊಂದು, ಬಲಕ್ಕೊಂದು ಎಂದು ಆ ಆರ್ಮ್‌ಗಳ ಹೊಸ ಜೋಡಿಯನ್ನು ವಿನೋದ ಕೊಂಡದ್ದು ಹೋದ ತಿಂಗಳು, ಸತ್ತಾರ್ ಸಾಬರ ಅಂಗಡಿಯಲ್ಲಿ. ತಿಂಗಳಿಗೇ ಮುರಿಯಿತೆಂದರೆ ಮಾಲು ಡೂಪ್ಲಿಕೇಟು. ಊರು ತೀರ್ಪು ಕೊಟ್ಟಾಗಿತ್ತು. ಊರಿಗೇನು, ಬಾಯಿಗೆ ಬಾಡಿಗೆ ಕೊಡಬೇಕೇ!

ಸೈಮಾ ನೆಟ್ಟಗೆ ವಿನೋದನ ಮನೆಗೆ ನಡೆದಳು.

ಅಂಗಳದಲ್ಲಿ ಕಾರನ್ನು ಜಾಕ್ ಕೊಟ್ಟು, ಕಲ್ಲು ಒಟ್ಟಿ ನಿಲ್ಲಿಸಿದ್ದರು. ಶೇಖಮ್ಮ ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತಿದ್ದಳು. ಕಾರಿನ ಅಡಿಯಲ್ಲಿ ಮಲಗಿದ್ದವನು ಮೆಕ್ಯಾನಿಕ್ ಯಂಕೋಬ, ವಿನೋದನ ಬಾಲ್ಯದ ಗೆಳೆಯ. ಹೊಸ ಆರ್ಮ್ ಕೂರಿಸಲು ಕೊಟ್ಟದ್ದೂ ಅವನಿಗೇ. ಇವತ್ತು ತನ್ನ ಗ್ಯಾರೇಜಿಗೆ ಬೀಗ ಹಾಕಿ, ಪುಕ್ಕಟೆ ಕೆಲಸಕ್ಕೆ ತಾನಾಗಿ ಓಡಿಬಂದಿದ್ದ.

"ವಿನೋದಣ್ಣ, ಷಟರ್ ಮ್ಯಾಲ ಬರದವ ನೀನ?"

"ಹೌದು, ನಾನ ಬರದೀನಿ! ಏನೀಗ? ನಮ್ಮವ್ವನ ಕೈ ನೋಡು!"

"ನೋಡಾಕತ್ತೀನಿ. ಅದಕ್ಕ ಬಂದೀನಿ. ಮುರದ ಆರ್ಮ್ ಬಿಚ್ಚಿ ನನ್ನ ಕೈಯಾಗ ಕೊಡು. ಡೂಪ್ಲಿಕೇಟ್ ಇದ್ರ ಇವತ್ತ ಅಂಗಡಿ ಖಾಯಂ ಬಂದ್ ಮಾಡ್ತೀವಿ. ಇಲ್ಲಂದ್ರ—"

"ಇಲ್ಲಂದ್ರ?"

"ಇಲ್ಲಂದ್ರ, ಸುಳ್ಳು ಹೇಳಿದವರು ಯಾರು ಅಂತ ಹಿಡೀದ ಬಿಡಂಗಿಲ್ಲ."

ಅಡಿಯಿಂದ ಯಂಕೋಬ ನಕ್ಕ. "ಯವ್ವಾ ಸೈಮಾ, ಬೋಲ್ಟ್ ಜಾಮ್ ಆಗ್ಯಾದ. ಬಿಚ್ಚಾಕ ಹೊತ್ತಾಗ್ತದ. ನೀ ಮನಿಗೆ ಹೋಗು, ನಾನ ಕಳಸ್ತೀನಿ."

"ನಾ ಇಲ್ಲೇ ಕೂಡ್ತೀನಿ."

"ಕೂಡವ್ವ," ಎಂದಳು ಶೇಖಮ್ಮ, ಪಕ್ಕಕ್ಕೆ ಸರಿದು ಜಾಗ ಮಾಡುತ್ತ. "ಖರೆ ಏನಂತ ನನಗೂ ಬೇಕಾಗ್ಯಾದ."

ಅಬ್ಬಬ್ಬಾ, ಏನು ಹಟ ಆ ಬೋಲ್ಟಿನದು! ಡೀಸೆಲ್ ಕುಡಿಸಿದರು. ಸುತ್ತಿಗೆಯಿಂದ ಬಡಿದರು. ಗ್ಯಾಸಿನ ಬೆಂಕಿ ಹಿಡಿದು ಕೆಂಪಗೆ ಕಾಯಿಸಿದರು. ಬೋಲ್ಟು ತಿರುಗಿಸುವ ಪಾನಾಕ್ಕೆ ಉದ್ದನೆಯ ಪೈಪು ಸಿಗಿಸಿ ಯಂಕೋಬ, ವಿನೋದ ಇಬ್ಬರೂ ಜೋತುಬಿದ್ದರು. ಪೈಪು ಬಾಗಿತು. ಬೋಲ್ಟು ಮಿಸುಕಲಿಲ್ಲ.

"ಇದರವ್ವನ!" ಯಂಕೋಬ ಬೆವರು ಒರೆಸಿಕೊಂಡ. "ಕಂಪನಿಯಿಂದ ಬಂದಾಗಿಂದ ಇದಕ್ಕ ಪಾನಾ ಮುಟ್ಟೇ ಇಲ್ಲ ಅನ್ನೋಹಂಗ ಜಂಗು ಹಿಡದದ!"

ತುಕ್ಕಿನ ಮಾತು ಕೇಳಿ ಸೈಮಾ ತಟ್ಟನೆ ತಲೆ ಎತ್ತಿದಳು.

"ಯಂಕೋಬಣ್ಣ, ಈ ಬೋಲ್ಟ್ ಬಿಚ್ಚದೆ ಆರ್ಮ್ ಬದಲಿ ಮಾಡಾಕ ಬರ್ತದೇನು?"

"ಹ್ಯಾಂಗ ಬರ್ತದ? ಅದನ್ನ ಹಿಡದಿಟ್ಟದ್ದ ಇದು."

"ಅಂದ್ರ ಹೋದ ತಿಂಗಳ ಬಿಚ್ಚಿದ್ದಿ?"

"ಬಿಚ್ಚಿದ್ದೆ ಮತ್ತ!"

"ಬಿಚ್ಚಿದ್ದನ್ನ ಹಂಗ ತಿರುಗಿ ಹಾಕಿಬಿಟ್ಟಿಯೇನು?"

"ಹೇ! ನನ್ನ ಕೆಲಸಕ್ಕ ಹೆಸರಿಡಬ್ಯಾಡ. ತೊಳದು, ಗ್ರೀಸ್ ಹಚ್ಚಿ ಹಾಕೀನಿ."

"ಗ್ರೀಸ್ ಹಚ್ಚಿದ ಬೋಲ್ಟ್ ತಿಂಗಳದಾಗ ಹಿಂಗ ಜಂಗು ಹಿಡೀತದೇನು?"

ಯಂಕೋಬ ಪಾನಾವನ್ನು ಮತ್ತೆ ಬೋಲ್ಟಿಗೆ ಸಿಗಿಸಿದ.

"ಅದು... ಆಕ್ಸಿಡೆಂಟದಾಗ ಪೆಟ್ಟು ಬಿದ್ದದಲ್ಲ. ಸೊಟ್ಟ ಆಗಿ ಹಿಡಕೊಂಡದ."

"ಆತು, ಒಪ್ಪಿದೆ. ಬಲಗಡಿ ಗಾಲಿಗೆ ಪೆಟ್ಟು ಬಿದ್ದಿಲ್ಲ. ಆ ಕಡಿ ಆರ್ಮ್ ಸೈತ ಅವತ್ತ ಬದಲಿ ಮಾಡೀದಿ. ಅದರ ಬೋಲ್ಟ್ ಬಿಚ್ಚು."

"ಅದನ್ಯಾಕ ಈಗ? ಸುಮ್ನ ಕೆಲಸ ಹೆಚ್ಚು. ಇನ್ನೊಂದು ಜಾಕ್ ಬೇಕು, ಮಧ್ಯಾಹ್ನ ನೋಡೂನು—"

"ಬಿಚ್ಚೋ ಯಂಕೋಬ," ಎಂದಳು ಶೇಖಮ್ಮ.

ಯಂಕೋಬ ಅಲ್ಲಾಡಲಿಲ್ಲ. ವಿನೋದ ಅವನ ಮುಖ ನೋಡಿದ, ಪಾನಾ ಕಸಿದುಕೊಂಡ, ಬಲಗಡೆಗೆ ಹೋಗಿ ಮಲಗಿದ. ಎಳೆದ. ಪೈಪು ಸಿಗಿಸಿ ಎಳೆದ. ಕಾಲು ಕೊಟ್ಟು ಒದ್ದ. ಪಾನಾ ಜಾರಿ ಬೆರಳ ಗೆಣ್ಣು ಕಿತ್ತುಹೋಯಿತೇ ಹೊರತು ಬೋಲ್ಟು ಜಪ್ಪಯ್ಯ ಅನ್ನಲಿಲ್ಲ. ಪಾನಾ ಜಾರಿದಲ್ಲಿ, ಆರ್ಮಿನ ಮೇಲಿದ್ದ ಹೊಳೆಯುವ ಕರಿಬಣ್ಣ ಚಕ್ಕೆಯಾಗಿ ಉದುರಿತು. ಅಡಿಯಲ್ಲಿ ಬರೀ ಕೆಂಪು ಜಂಗು.

"ಸೈಮಾ! ಇದು ಹಳೇದು! ಬಣ್ಣ ಬಳದಾರ!"

"ಬೆಳಗಿಂದ ಎಲ್ಲಾರೂ ಬೋಲ್ಟ್ ಬಿಚ್ಚವಲ್ದು ಅಂತ ಬೈಯಾಕತ್ತಿದ್ವಿ," ಸೈಮಾ ಎದ್ದು ನಿಂತಳು. "ಯಾವಾಗಿಂದ ಬಿಚ್ಚಿಲ್ಲ ಅಂತ ಯಾರೂ ಕೇಳಲಿಲ್ಲ. ಬಿಚ್ಚಲಾರದ ಬೋಲ್ಟೇ ಸಾಕ್ಷಿ, ವಿನೋದಣ್ಣ. ಹೋದ ತಿಂಗಳ ಇದನ್ನ ಯಾರೂ ಬಿಚ್ಚಿಲ್ಲ. ಹೊಸ ಜೋಡಿ ನಿನ್ನ ಕಾರಿಗೆ ಏರೇ ಇಲ್ಲ. ಹಳೇದನ್ನ ಇದ್ದಲ್ಲೇ ತಿಕ್ಕಿ ಬಣ್ಣ ಬಳದಾನ. ಮುರದದ್ದು ಆ ಹಳೇದು. ಇವತ್ತ ಓಡಿ ಬಂದದ್ದೂ ಗೆಳೆತನಕ್ಕಲ್ಲ, ಮುರದ ತುಂಡು ಮಾಯ ಮಾಡಾಕ. ಹೌದಿಲ್ಲೋ, ಯಂಕೋಬ?"

'ಅಣ್ಣ' ಬಿಟ್ಟುಹೋಗಿತ್ತು. ಯಂಕೋಬನಿಗೂ ಅದು ಕೇಳಿಸಿತು.

"ಹೊಸದು ಎಲ್ಲಿ ಅದ ಲೇ?" ವಿನೋದ ಕಾರಿನ ಅಡಿಯಿಂದ ಎದ್ದು ಬಂದ.

"ದೇವದುರ್ಗದ ಗಿರಾಕಿ ಒಬ್ಬ ಭಾಳ ಅವಸರ ಮಾಡಿದ... ಅವನ ಗಾಡಿಗೆ ಹಾಕಿಕೊಟ್ಟೆ. ನಿಂಗ ಆಮ್ಯಾಲ ಬ್ಯಾರೆ ತಂದು ಹಾಕಿದ್ರಾತು, ಅಲ್ಲೀತನ ಹಳೇದು ತಡೀತದ ಅಂದ್ಕೊಂಡೆ. ಇವತ್ತಾಗ್ಲಿ, ನಾಳಿ ಆಗ್ಲಿ ಅಂತ..."

ವಿನೋದ ಪಾನಾ ಎತ್ತಿದ. ಸೈಮಾ ಅಡ್ಡ ಬಂದು ಅವನ ಮಣಿಕಟ್ಟು ಹಿಡಿದಳು.

"ಹೊಡೀಬ್ಯಾಡ. ಹೊಡದ್ರ ಊರಿಗೆ ನಿಮ್ಮಿಬ್ಬರ ಜಗಳ ಕಾಣ್ತದ. ನಮ್ಮಪ್ಪನ ಇಮಾನ, ಖರೇತನ ಕಾಣಂಗಿಲ್ಲ."

"ಸೈಮಾ, ನಿನಗ ಕೈ ಮುಗೀತೀನಿ," ಎಂದ ಯಂಕೋಬ. "ಸಾಬರ ಮನಿಗೆ ಬಂದು ಕಾಲು ಹಿಡೀತೀನಿ. ಊರಾಗ ಮಾತ್ರ ಬಾಯಿ ಬಿಡಬ್ಯಾಡ."

"ಮನಿಗ್ಯಾಕ? ನಮ್ಮಪ್ಪನ ಮರ್ಯಾದಿ ಮನ್ಯಾಗ ಹೋಗಿಲ್ಲ, ಬಜಾರದಾಗ ಹೋಗ್ಯಾದ. ಹೋದಲ್ಲೇ ತಂದುಕೊಡು."

"ನಾನೂ ಬರ್ತೀನಿ," ಎಂದ ವಿನೋದ, ನೆಲ ನೋಡುತ್ತ. "ನಾನೂ ತಪ್ಪು ಮಾಡೀನಿ."

ಎಲ್ಲರಿಗಿಂತ ಮೊದಲು ಹೊರಟವಳು ಶೇಖಮ್ಮ. ಮುರಿದ ಕೈಯನ್ನು ಇನ್ನೊಂದರಲ್ಲಿ ಎತ್ತಿಕೊಂಡು ಅವಳು ಹಾದಿ ಹಿಡಿದಳು.

ಸೈಮಾ ತಂದೆಯನ್ನು ಕೈಹಿಡಿದು ಬಜಾರಕ್ಕೆ ಕರೆತಂದಳು. ಚಹಾ ಕುಡಿಯುತ್ತಿದ್ದವರು, ಬಸ್ಸಿಗೆ ಕಾಯುತ್ತಿದ್ದವರು ನೋಡನೋಡುತ್ತಲೇ ಸೇರಿದರು. ಯಂಕೋಬ ಸತ್ತಾರ್ ಸಾಬರ ಎದುರು ನಿಂತು ಬಾಯೊಳಗೇ ಗೊಣಗಿದ, "ಮಾಲು ಖರೆ ಇತ್ತು. ಕದ್ದವ ನಾನು."

ಸತ್ತಾರ್ ಸಾಬರ ಕಣ್ಣು ತುಂಬಿತು. "ಆತು, ಬಿಡು ಬೇಟಾ," ಎಂದರು ಮಗಳಿಗೆ.

"ಬಿಡಂಗಿಲ್ಲ, ಅಬ್ಬಾ." ಸೈಮಾ ಯಂಕೋಬನತ್ತ ತಿರುಗಿದಳು. "ಕೇಳಸ್ಲಿಲ್ಲ. ಇನ್ನೊಮ್ಮೆ ಹೇಳು. ಬಸ್ ಸ್ಟ್ಯಾಂಡ್ ತನಕ ಕೇಳಬೇಕು."

ಯಂಕೋಬ ಗಂಟಲು ಸರಿಮಾಡಿಕೊಂಡು, ಗಟ್ಟಿಯಾಗಿ, ಇನ್ನೊಮ್ಮೆ ಹೇಳಿದ.