ದೊರೆಸಾನಿಯ ನೀರಿನ ಬಟ್ಟಲು

“ನನ್ನ ದೊರೆಸಾನಿಗೆ ಏನಾದ್ರೂ ಆಯ್ತೋ, ನಿಮ್ಮನ್ನ ಸುಮ್ನೆ ಬಿಡಲ್ಲ ಡಾಕ್ಟ್ರೇ!”

ಪಶು ಆಸ್ಪತ್ರೆಯಲ್ಲಿ ನಾಯಿ, ಬೆಕ್ಕು ಹಿಡಿದು ಕೂತಿದ್ದವರೆಲ್ಲ ತಿರುಗಿ ನೋಡಿದರು. ಬಾಗಿಲು ದೂಡಿಕೊಂಡು ಬಂದವಳು ಹಿಂದಿನ ಬೀದಿಯ ದರ್ಜಿ. ಕೊರಳಲ್ಲಿ ಅಳತೆಯ ಟೇಪು, ಎದೆಗವಚಿಕೊಂಡ ಬಟ್ಟೆಯ ಗಂಟಿನಲ್ಲಿ ಕತ್ತು ಜೋತುಬಿದ್ದ ಒಂದು ಕೋಳಿ.

ದೊರೆಸಾನಿ ಹುಟ್ಟು ಕುರುಡಿ. ಹಿತ್ತಲಲ್ಲಿ ಅವಳಿಗೆ ಇಬ್ಬರು ಜೊತೆಗಾತಿಯರು. ಪಾದದ ಹುಣ್ಣಿಗೆ ಬಟ್ಟೆಯ ಬೂಟು ತೊಟ್ಟ ಕುಂಟಿ ಒಬ್ಬಳು. ತಿಂದದ್ದು ಕೆಳಗಿಳಿಯದೆ ದಿನಾ ಬೆಳಿಗ್ಗೆ ಕೊರಳು ನೀವಿಸಿಕೊಳ್ಳುವ ಗುಂಡಮ್ಮ ಇನ್ನೊಬ್ಬಳು. ಯಾರಿಗೂ ಬೇಡವಾದ ಕೋಳಿಗಳನ್ನೇ ಹುಡುಕಿ ತಂದು ಸಾಕುವುದು ಆ ದರ್ಜಿಯ ಹುಚ್ಚು.

ಆ ಹಿತ್ತಲಲ್ಲಿ ಒಂದೇ ಒಂದು ಕಟ್ಟುನಿಟ್ಟು. ನೀರಿನ ಬಟ್ಟಲು ಮೆಟ್ಟಿಲ ಪಕ್ಕದಿಂದ ಅಲ್ಲಾಡಬಾರದು. ದೊರೆಸಾನಿ ನೀರನ್ನು ನೋಡಿ ಕುಡಿಯುವವಳಲ್ಲ, ಜಾಗವನ್ನು ನೆನಪಿಟ್ಟುಕೊಂಡು ಕುಡಿಯುವವಳು.

ಇವತ್ತು ಆ ಬಟ್ಟಲು ಹಿತ್ತಲ ಇನ್ನೊಂದು ಮೂಲೆಯಲ್ಲಿತ್ತು! ಅಳತೆ ತೆಗೆಯಲು ಬೆಳಿಗ್ಗೆಯೇ ಹೋದವಳು ಬಿಸಿಲು ಇಳಿದ ಮೇಲೆ ಬಂದು ನೋಡಿದರೆ, ದೊರೆಸಾನಿ ಬರೀ ನೆಲವನ್ನು ಕುಕ್ಕಿ ಕುಕ್ಕಿ ಅಲ್ಲೇ ಒರಗಿದ್ದಳು.

“ಬೆಳಿಗ್ಗೆ ಕುಂಟಿಯ ಕಾಲು ನೋಡೋಕೆ ನೀವು ಬಂದಿದ್ರಿ. ಬಟ್ಟಲು ಸರಿಸಿದ್ದು ನೀವೇ ತಾನೇ?”

ಡಾಕ್ಟರು ಒಂದು ಕ್ಷಣ ಅವಳ ಭುಜದಾಚೆಗೆ, ಬಾಗಿಲ ಕಡೆ ನೋಡಿದ. ಅಲ್ಲಿ ಅವಳ ಸೋದರತ್ತೆ ಏದುಸಿರು ಬಿಡುತ್ತಾ ನಿಂತಿದ್ದಳು. ತಾಯಿಯಿಲ್ಲದ ಇವಳನ್ನು ಎತ್ತಿ ಆಡಿಸಿದ, ಈಗಲೂ ಇವಳ ಜೊತೆಗೇ ಇರುವ ಅತ್ತೆ.

“ಹೌದು,” ಎಂದ. “ನಾನೇ... ತಪ್ಪಾಯ್ತು.”

ತಪ್ಪಾಯ್ತಂತೆ! ಇಷ್ಟು ಸಲೀಸಾಗಿ!

“ಹಾಗಾದ್ರೆ ನೀವೇ ಬಂದು ಕುಡಿಸಿ. ಬೆಳಿಗ್ಗೆ, ಸಂಜೆ. ಅವಳು ತಾನಾಗಿ ನೀರು ಕುಡಿಯೋ ತನಕ!”

ಅವನು ತಲೆಯಾಡಿಸಿದ. ಅವಳು ಮಾತ್ರ ಒಳಗೊಳಗೇ ಹಲ್ಲು ಮಸೆದಳು. *ಬಾ ಮಗನೇ... ಇದ್ದದ್ದು ಇದ್ದಲ್ಲಿ ಇರದಿದ್ರೆ ಹೇಗಿರತ್ತೆ ಅಂತ ನಿಂಗೆ ತೋರಿಸ್ತೀನಿ!*

ಸೇಡಿಗೆ ಸಲಕರಣೆ ಹುಡುಕಬೇಕಾಗಲಿಲ್ಲ. ಅವನ ಬಿಳಿ ಕೋಟುಗಳು ಗುಂಡಿ ಹಾಕಿಸಲು ಅವಳ ಅಂಗಡಿಗೇ ಬಂದಿದ್ದವು. ಗುಂಡಿಯ ಜೊತೆಗೆ ಎಲ್ಲ ಜೇಬುಗಳ ಬಾಯಿಗೂ ಎರಡೆರಡು ಹೊಲಿಗೆ ಬಿತ್ತು. ತೋಳು ಎರಡು ಬೆರಳಷ್ಟು ಗಿಡ್ಡವಾಯಿತು. ಮರುದಿನ ತುಂಬಿದ ಆಸ್ಪತ್ರೆಯಲ್ಲಿ ಡಾಕ್ಟರು ಜೇಬಿಗೆ ಹಾಕಲು ಹೋದ ಥರ್ಮಾಮೀಟರು ನೆಲಕ್ಕೆ ಬಿದ್ದು ಚೂರಾಯಿತೆಂದು ಸುದ್ದಿ ಬಂತು. ಅವಳು ಹೊಟ್ಟೆ ತುಂಬ ನಕ್ಕಳು.

ಸಂಜೆ ಅವನು ಅದೇ ಕೋಟಿನಲ್ಲಿ ಬಂದ. ಒಂದು ಮಾತೆತ್ತಲಿಲ್ಲ! ಅವಳು ಹೊಲಿದು ತೂಗುಹಾಕಿದ್ದ ಬಟ್ಟೆಯ ಜೋಲಿಯಲ್ಲಿ ಮಲಗಿದ್ದ ದೊರೆಸಾನಿಯ ಕೊಕ್ಕಿನ ಅಂಚಿಗೆ ಹನಿ ಹನಿಯಾಗಿ ನೀರು ಬಿಡುತ್ತಾ, “ಕುಡಿಯಮ್ಮ ದೊರೆಸಾನಿ... ನಿನ್ನ ಯಜಮಾನಿ ಕೋಪ ಇಳಿಯೋದು ನಿನ್ನ ಕೈಲೇ ಇದೆ,” ಎಂದ.

“ನನ್ನ ಕೋಪ ಇಳಿಯೋದಿಲ್ಲ!” ಅಡುಗೆಮನೆಯಿಂದ ಉತ್ತರ ಬಂತು.

ಇನ್ನೊಂದು ದಿನ ಅವನು ಕೂರುವ ಹೊತ್ತಿಗೆ ಕುರ್ಚಿ ಹಿಂದಕ್ಕೆಳೆದಳು. ಪಾಪ, ತೌಡಿನ ಬಕೆಟ್ಟಿನೊಳಗೆ ಕುಕ್ಕರಿಸಿದ! ಪ್ಯಾಂಟಿಗೆ ಮೆತ್ತಿದ ತೌಡಿಗೆ ಗುಂಡಮ್ಮ ಮುಗಿಬಿದ್ದಳು. “ನಿಂಗೆ ಊಟ ಕಮ್ಮಿ ಕೊಡ್ಬೇಕು ಅಂತ ಹೇಳಿದ್ನಲ್ಲೇ!” ಎಂದು ಅವನು ಕೋಳಿಯನ್ನು ಗದರಿದ.

*ಕೋಪವೇ ಬಾರದವನ ಮೇಲೆ ಸೇಡು ತೀರಿಸ್ಕೊಳ್ಳೋದಾದ್ರೂ ಹೇಗೆ?*

ಅವಳಿಗೆ ಅಳು ಬರುವಷ್ಟು ಸಿಟ್ಟು ಬಂತು. ಗಿಡ್ಡ ತೋಳಿನಿಂದ ಹೊರಗಿಣುಕುವ ಆ ಮಣಿಕಟ್ಟು ಕಂಡಾಗ ಮಾತ್ರ ಸಿಟ್ಟಿನ ಜಾಗದಲ್ಲಿ ಇನ್ನೇನೋ ಚುಚ್ಚುತ್ತಿತ್ತು. ಅವನು ಬರುವುದು ತಡವಾದರೆ ಸುಮ್ಮನೆ ಬಾಗಿಲಿಗೆ ಹೋಗಿ ಬರುತ್ತಿದ್ದಳು. *ಕರಗಬಾರದು! ದೊರೆಸಾನೀನ ಸಾಯಿಸೋಕೆ ಹೊರಟವನು ಇವನು!* ಎಂದು ತನಗೆ ತಾನೇ ಬೈದುಕೊಳ್ಳುತ್ತಿದ್ದಳು.

ಹಾಗೆ ಬೈದುಕೊಂಡ ಒಂದು ಸಂಜೆಯೇ, ಅವನು ಹಿತ್ತಲಿಗೆ ಹೋಗುವ ನಡುಮನೆಯ ದಾರಿಗೆ ಅಡ್ಡಲಾಗಿ ಸ್ಟೂಲು ತಂದಿಟ್ಟಳು. ಮುಗ್ಗರಿಸಲಿ. ಒಮ್ಮೆಯಾದರೂ ಬಾಯಿಬಿಟ್ಟು ಬೈಯಲಿ!

ಧಡಾರ್ ಎಂದು ಸದ್ದಾಯಿತು. “ಅಯ್ಯಮ್ಮಾ!” ಎಂದು ಕೂಗಿದ್ದು ಅತ್ತೆ.

ಅವಳು ಓಡಿಬರುವಷ್ಟರಲ್ಲಿ ಡಾಕ್ಟರು ಬೀದಿ ಬಾಗಿಲಿನಿಂದ ನುಗ್ಗಿ ಬಂದು ಅತ್ತೆಯನ್ನು ಎತ್ತಿ ಕೂರಿಸಿದ್ದ. ಹಣೆಯಿಂದ ರಕ್ತ ಇಳಿಯುತ್ತಿತ್ತು. ಅವನು ಹತ್ತಿಗಾಗಿ ಜೇಬಿಗೆ ಕೈಹಾಕಿದ. ಹೊಲಿದ ಜೇಬು! ಕೊನೆಗೆ ತನ್ನ ಕರವಸ್ತ್ರವನ್ನೇ ಒತ್ತಿ ಹಿಡಿದ.

“ಸ್ಟೂಲು ಅಲ್ಲಿರಲಿಲ್ವಲ್ಲ ಕೂಸೇ...” ಅತ್ತೆ ಗೊಣಗಿದಳು.

“ಎದುರಿಗೇ ಇತ್ತಲ್ಲ ಅತ್ತೆ... ಕಾಣಿಸ್ಲಿಲ್ವಾ?”

ಅತ್ತೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡಳು. ಡಾಕ್ಟರು ಮೆಲ್ಲಗೆ, “ಹೇಳ್ಬಿಡಿ ಅಮ್ಮ. ಇನ್ನು ಮುಚ್ಚಿಡೋದು ಬೇಡ,” ಎಂದ.

“ಕಣ್ಣು ಮಂಜು ಮಂಜು ಕಣೇ. ಅಭ್ಯಾಸದ ಮೇಲೆ ಓಡಾಡ್ತೀನಿ. ಅವತ್ತು ಬಟ್ಟಲು ತೊಳೆದು, ಎಲ್ಲಿಟ್ಟೆ ಅಂತ ನಂಗೇ ತಿಳೀಲಿಲ್ಲ. ನಿಂಗೆ ಗೊತ್ತಾದ್ರೆ ಅಂಗಡಿ ಮುಚ್ಚಿ ನನ್ನ ಕಾಯ್ತಾ ಕೂತ್ಬಿಡ್ತೀಯ ಅಂತ ಹೆದರಿಕೆ. ಈ ಪುಣ್ಯಾತ್ಮ ನಂಗೆ ಕಣ್ಣು ಕಾಣಲ್ಲ ಅಂತ ಅವತ್ತು ಬೆಳಿಗ್ಗೇನೇ ಕಂಡುಹಿಡಿದಿದ್ರು. ಹೇಳ್ಬೇಡಿ ಅಂತ ನಾನೇ ಕೈಮುಗಿದಿದ್ದೆ. ಆಮೇಲೆ ಕಣ್ಣಿನ ಡಾಕ್ಟ್ರ ಹತ್ರ ಇವ್ರೇ ಕರ್ಕೊಂಡು ಹೋದ್ರು... ಪೊರೆಯಂತೆ, ತೆಗೆಸಿದ್ರೆ ಸರಿಹೋಗತ್ತಂತೆ.”

ಕುರುಡು ಕೋಳಿಯ ಬಟ್ಟಲು ಸರಿಸಿದವರನ್ನು ಕ್ಷಮಿಸದೆ ಉರಿದವಳು, ಕಣ್ಣು ಕಾಣದ ಅತ್ತೆಯ ದಾರಿಗೆ ತಾನೇ ಸ್ಟೂಲು ಇಟ್ಟಿದ್ದಳು! ಅತ್ತೆಯ ಮಡಿಲಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ಬೆಳಿಗ್ಗೆ ಅವನು ಬಂದಾಗ, ಬಟ್ಟಲು ಮೆಟ್ಟಿಲ ಪಕ್ಕದ ತನ್ನ ಜಾಗದಲ್ಲಿತ್ತು. ದೊರೆಸಾನಿಯನ್ನು ನೆಲಕ್ಕೆ ಬಿಟ್ಟರು. ಅವಳು ತಡವರಿಸಿದಳು, ತಲೆ ಓರೆ ಮಾಡಿದಳು, ಪುಟ್ಟ ಪುಟ್ಟ ಹೆಜ್ಜೆಯಿಡುತ್ತಾ ನೇರ ಬಟ್ಟಲಿನ ಬಳಿ ಹೋಗಿ ಕೊಕ್ಕು ಅದ್ದಿದಳು!

“ನಿಮ್ಮ ಶಿಕ್ಷೆ ಮುಗೀತು,” ಎಂದಳು ದರ್ಜಿ, ಕಣ್ಣೊರೆಸಿಕೊಳ್ಳುತ್ತಾ. “ಕೋಟು ಕೊಡಿ, ಜೇಬು ಬಿಚ್ಚಿಕೊಡ್ತೀನಿ. ನಿಮ್ಮ ಹತ್ರ ಕತ್ತರಿ ಇತ್ತಲ್ಲ... ನೀವೇ ಯಾಕೆ ಬಿಚ್ಕೊಳ್ಳಲಿಲ್ಲ?”

“ಸಿಟ್ಟಲ್ಲಿ ಹಾಕಿದ್ರೂ ನಿಮ್ಮ ಕೈ ಹೊಲಿಗೆ ಅಲ್ವಾ? ಬಿಚ್ಚೋಕೆ ಮನಸ್ಸು ಬರಲಿಲ್ಲ.”

ಅವಳ ಕಿವಿ ಕೆಂಪಾಯಿತು. ತಲೆ ಎತ್ತದೆ ಹೊಲಿಗೆ ಬಿಚ್ಚತೊಡಗಿದಳು.

ಅವನು ತಾನು ದಿನಾ ಕೂರುತ್ತಿದ್ದ ಕುರ್ಚಿ ಎತ್ತಿಕೊಂಡು, “ಇದನ್ನ ಒಳಗಿಡ್ಲಾ?” ಎಂದ.

“ಬೇಡ. ಅಲ್ಲೇ ಇರಲಿ. ಈ ಮನೇಲಿ ಇನ್ನು ಯಾವುದನ್ನೂ ಜಾಗ ಬಿಟ್ಟು ಕದಲಿಸಲ್ಲ.”

“ಕುರ್ಚಿ ಇದ್ರೆ ನಾನು ದಿನಾ ಬರಬೇಕಾಗತ್ತೆ...”

“ಬಂದು ಹೋಗೋದು ಯಾಕೆ?” ಅವಳ ದನಿ ಅವಳಿಗೇ ಕೇಳಿಸಲಿಲ್ಲ. “ಇಲ್ಲೇ ಇದ್ಬಿಡಿ.”