ಕಾಲುವೆಗೆ ಕಟ್ಟಿದ ಬಿಳಿ ಬಟ್ಟೆ

ಬೆಟ್ಟಮ್ಮ ಬಟ್ಟೆಯನ್ನು ಮೂರನೆಯ ಸಲ ಕಲ್ಲಿಗೆ ಕುಕ್ಕಿದಳು. ಬೂದು ಬಣ್ಣದ ನೀರು ಇಳಿದುಹೋಯಿತು. ಸೋಪಿಲ್ಲದಿದ್ದರೂ ಬಟ್ಟೆ ಚೆನ್ನಾಗಿಯೇ ಬೆಳ್ಳಗಾಯಿತು.

ಅದು ಹಳೆಯ ಪಂಚೆಯ ಒಂದು ತುಂಡು. ನುಗ್ಗೇಹಳ್ಳಿ ಕಡೆಯ ಅದಿರಿನ ಮಿಲ್ಲಿನ ಕೆಳಗೆ, ಊರ ಕುಡಿಯುವ ನೀರಿನ ಕಟ್ಟೆಗೆ ಹೋಗುವ ಕಾಲುವೆಗೆ ಅಡ್ಡಲಾಗಿ ಎರಡು ಗೂಟಕ್ಕೆ ಅದನ್ನು ಕಟ್ಟಿದ್ದರು. ಮಿಲ್ಲಿನಲ್ಲಿ ಕಲ್ಲು ಪುಡಿ ಮಾಡಿ ತೊಳೆದ ಕೆಸರೆಲ್ಲ ಒಂದು ಹೊಂಡದಲ್ಲಿ ನಿಲ್ಲುತ್ತಿತ್ತು. ಹೊಂಡದ ಏರಿ ಸೋರದಂತೆ ಕಾಯುವುದು ಬೆಟ್ಟಮ್ಮನ ಅಪ್ಪ ದ್ಯಾವಯ್ಯನ ಕೆಲಸ.

ಅವನು ದಿನಾ ಸಂಜೆ ಬಿಳಿ ಬಟ್ಟೆ ಕಟ್ಟುತ್ತಿದ್ದ. ಬೆಳಗ್ಗೆ ಅದು ಬೆಳ್ಳಗೇ ಇದ್ದರೆ ಸರಿ. ಬೂದು ಬಣ್ಣಕ್ಕೆ ತಿರುಗಿದ್ದರೆ ಏರಿ ಎಲ್ಲೋ ಸೋರುತ್ತಿದೆ ಎಂದು ಲೆಕ್ಕ. ಇದನ್ನು ಮಗಳಿಗೆ ಮಾತ್ರ ಅವನು ಹೇಳಿರಲಿಲ್ಲ. ನಾಲ್ಕನೇ ಕ್ಲಾಸಿನ ಹುಡುಗಿಗೆ ಇದೆಲ್ಲ ಯಾಕೆ ಅಂದುಕೊಂಡಿದ್ದ.

ಇವತ್ತು ಮಿಲ್ಲು ನೋಡಲು ಬೆಂಗಳೂರಿನಿಂದ ಇನ್‌ಸ್ಪೆಕ್ಟರ್ ಜೀಪಿನಲ್ಲಿ ಬರುವವರಿದ್ದರು. ಅಪ್ಪನಿಗೆ ರೊಟ್ಟಿ ತಂದ ಬೆಟ್ಟಮ್ಮನ ಕಣ್ಣಿಗೆ ಈ ಕೊಳಕು ಬಟ್ಟೆ ಬಿತ್ತು. ಇದನ್ನು ನೋಡಿ ಸಾಹೇಬರು ಅಪ್ಪನನ್ನು ಬೈದರೆ? ಅದಕ್ಕೇ ಬಿಚ್ಚಿ ಒಗೆದಳು. ಮೊದಲಿನ ಹಾಗೇ ಕಟ್ಟಿದಳು.

ಸ್ವಲ್ಪ ಹೊತ್ತಿಗೆ ಸೂಪರ್‌ವೈಸರ್ ಇಂದ್ರಕುಮಾರ್ ಪುಸ್ತಕ ಹಿಡಿದು ಬಂದರು. ದ್ಯಾವಯ್ಯ ಗೇಟಿನ ಹತ್ತಿರ ಕಸ ಗುಡಿಸುತ್ತಿದ್ದ.

"ಬಟ್ಟೆ ಹೇಗಿದೆ ದ್ಯಾವಯ್ಯ?"

ದ್ಯಾವಯ್ಯ ಕತ್ತು ಚಾಚಿ ನೋಡಿದ. "ಬೆಳ್ಳಗೈತೆ ಸಾ."

"ಏರಿ ಸುತ್ತಿ ಬಂದ್ಯಾ?"

"ಏರಿ ವಿಷ್ಯ ಬಟ್ಟೇನೆ ಏಳ್ತೈತಲ್ಲ ಸಾ. ಗುಡಿಸೋದೇ ಇನ್ನೂ ಮುಗೀಲಿಲ್ಲ."

ಇಂದ್ರಕುಮಾರ್ ಪುಸ್ತಕದಲ್ಲಿ 'ಬಿಳಿ' ಎಂದು ಬರೆದುಕೊಂಡರು. ಬೆಟ್ಟಮ್ಮ ಹಿಗ್ಗಿಕೊಂಡು ಸ್ಕೂಲಿಗೆ ಹೋದಳು.

ಮಧ್ಯಾಹ್ನ ಷಡಕ್ಷರಿ ಮೇಷ್ಟ್ರು ಸರ್ಕಾರದ ಹಾಲಿನ ಪುಡಿ ಕಲಸಲು ಕುಳಿತರು. ಬೆಳಗ್ಗೆಯೇ ಊರ ಕಟ್ಟೆಯಿಂದ ನೀರು ತಂದಿಟ್ಟಿದ್ದರು. ಲೋಟ ಹಿಡಿದು ಮುಂದೆ ನಿಂತಿದ್ದ ಕೆಂಪಣ್ಣ ಬಕೆಟ್‌ಗೆ ಬಗ್ಗಿದ.

"ಸಾ, ತಳದಾಗೆ ಬೂದಿ ಐತೆ."

ಬೆಟ್ಟಮ್ಮ ಕೈ ಅದ್ದಿ ತಳ ಸವರಿದಳು. ನುಣ್ಣಗಿತ್ತು. ಬೆಳಗ್ಗೆ ಬಟ್ಟೆಯಿಂದ ಇಳಿದದ್ದು ಇದೇ, ಅವಳ ಉಗುರಿನ ಸಂದಿಯಲ್ಲಿ ಇನ್ನೂ ಇತ್ತು. ಅಪ್ಪ ಹೇಳಿದ್ದು ನೆನಪಾಯಿತು: ಏರಿ ವಿಷ್ಯ ಬಟ್ಟೇನೆ ಏಳ್ತೈತಲ್ಲ ಸಾ.

ಅವಳಿಗೆ ಹೆದರಿಕೆಯಾಯಿತು. ಹೇಳಿದರೆ ಸಾಹೇಬರ ಮುಂದೆ ಅಪ್ಪನ ಮಾತು ಸುಳ್ಳಾಗುತ್ತದೆ, ಕೆಲಸವೂ ಹೋಗಬಹುದು. ಹೇಳದಿದ್ದರೆ ಊರೆಲ್ಲ ಇದೇ ನೀರು ಕುಡಿಯುತ್ತದೆ. ಹಿಂದೆ ನಲವತ್ತು ಮಕ್ಕಳು ಲೋಟ ಕುಟ್ಟುತ್ತಿದ್ದರು.

"ಸಾ, ಈ ನೀರು ಯಾರ್ಗೂ ಕೊಡ್ಬ್ಯಾಡಿ. ನಾನು ಮಿಲ್ಲಿಗೆ ಓಗಿ ಬತ್ತೀನಿ."

ಮಿಲ್ಲಿನಲ್ಲಿ ಜೀಪು ಬಂದು ನಿಂತಿತ್ತು. ಇನ್‌ಸ್ಪೆಕ್ಟರು ಪುಸ್ತಕ ತಿರುವುತ್ತಿದ್ದರು. ಪಕ್ಕದಲ್ಲಿ ಇಂದ್ರಕುಮಾರ್ ಮತ್ತು ಅಪ್ಪ.

"ಅಪ್ಪಯ್ಯ, ಬಟ್ಟೆ ಬೂದು ಆಗಿತ್ತು. ನಾನೇ ಒಗೆದ್ಬುಟ್ಟೆ," ಅಂದಳು ಬೆಟ್ಟಮ್ಮ ಏದುಸಿರು ಬಿಡುತ್ತಾ. "ಕಟ್ಟೆ ನೀರ್ನಾಗೂ ಕೆಸರೈತೆ."

ದ್ಯಾವಯ್ಯ ಏರಿಯ ಕಡೆ ಓಡಿದ. ಇಂದ್ರಕುಮಾರ್ ಹೊಂಡಕ್ಕೆ ಕೆಸರು ಬಿಡುವ ಪಂಪು ನಿಲ್ಲಿಸಿದರು. ಹರಿವು ತಡೆಯಲು ಕಾಲುವೆಗೆ ಹಲಗೆ ಇಳಿಬಿಟ್ಟರು. ನೀರು ಮುಟ್ಟಬೇಡಿ ಎಂದು ಹೇಳಲು ಮಿಲ್ಲಿನ ಆಳೊಬ್ಬ ಸೈಕಲ್ ಹತ್ತಿ ಊರಿಗೆ ಹೋದ.

ಏರಿಯ ಬುಡದಲ್ಲಿ ಒಂದು ಏಡಿ ಬಿಲವಿತ್ತು. ಅದರಿಂದ ಕೆಸರುನೀರು ಸದ್ದಿಲ್ಲದೆ ಹರಿಯುತ್ತಿತ್ತು. ದ್ಯಾವಯ್ಯ ಜೇಡಿಮಣ್ಣಿಗೆ ಹುಲ್ಲು ಕಲಸಿ ತುರುಕಿ, ಹಿಮ್ಮಡಿಯಿಂದ ತುಳಿದು ತುಳಿದು ಮುಚ್ಚಿದ.

"ಸೋರ್ತಿಲ್ಲ ಅಂತ ಹೇಳಿದ್ದು ಯಾರು?" ಎಂದರು ಇನ್‌ಸ್ಪೆಕ್ಟರು.

"ನಾನೇ ಸಾ. ಏರಿ ಸುತ್ತದೆ ಏಳ್ಬುಟ್ಟೆ."

ಮಗಳ ಹೆಸರನ್ನು ಅವನು ಎತ್ತಲಿಲ್ಲ. ಇನ್‌ಸ್ಪೆಕ್ಟರು ಅವನ ಕೆಸರುಗಾಲನ್ನು ನೋಡಿದರು. "ಕೆಲಸದಿಂದ ತೆಗೆಯೋಲ್ಲ. ನಾಳೆಯಿಂದ ಮೊದಲು ಏರಿ, ಆಮೇಲೆ ಪೊರಕೆ," ಎಂದರು. ಇಂದ್ರಕುಮಾರ್ ತಲೆತಗ್ಗಿಸಿ 'ಬಿಳಿ'ಯನ್ನು ಹೊಡೆದುಹಾಕಿದರು.

ಮೂರು ದಿನ ಊರಿನವರು ದೂರದ ಬಾವಿಯಿಂದ ನೀರು ಹೊತ್ತರು. ಸ್ಕೂಲಿನಲ್ಲಿ ಹಾಲಿರಲಿಲ್ಲ.

ಬಿಲ ಮುಚ್ಚಿದ ದಿನ ಸಂಜೆ ಮನೆಗೆ ಹೋಗುವಾಗ ಬೆಟ್ಟಮ್ಮ ಕೇಳಿದಳು, "ನನ್ನ ಬಯ್ಯಾಕಿಲ್ವ ಅಪ್ಪಯ್ಯ?"

"ಏನಂತ ಬಯ್ಲವ್ವ? ಸಾಯೇಬ್ರಿಗೆ ಚೆಂದ ಕಾಣ್ಲಿ ಅಂತ ನಾನೂ ಕಸ ಗುಡಿಸ್ಕಂಡು ನಿಂತಿದ್ದೆ."

ಮಾರನೆಯ ಬೆಳಗ್ಗೆ ಅವಳು ರೊಟ್ಟಿ ತಂದಾಗ ಬಟ್ಟೆಯ ಒಂದು ಮೂಲೆಯಲ್ಲಿ ಸಣ್ಣ ಬೂದು ಕಲೆ ಇತ್ತು. ಬಿಚ್ಚಿ ಒಗೆಯಲು ಕೈ ತಾನಾಗಿಯೇ ಮುಂದೆ ಹೋಯಿತು. ಬೆಟ್ಟಮ್ಮ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

ದ್ಯಾವಯ್ಯ ಏರಿಯ ಆ ತುದಿಯಲ್ಲಿ ಬಗ್ಗಿ ಬಗ್ಗಿ ನೋಡುತ್ತಾ ಬರುತ್ತಿದ್ದ.

"ಅಪ್ಪಯ್ಯ, ಬಿರ್ನೆ ಬಾ ಇಲ್ಲಿ," ಎಂದು ಕೂಗಿದಳು. ಆಮೇಲೆ ರೊಟ್ಟಿ ಗಂಟನ್ನು ಮಡಿಲಲ್ಲಿಟ್ಟುಕೊಂಡು, ಅವನು ಬರುವ ತನಕ ಆ ಕಲೆಯನ್ನು ಕಾಯುತ್ತಾ ಗೂಟದ ಪಕ್ಕದಲ್ಲೇ ಕುಳಿತಳು.